ಬೀಜವನ್ನೂ ನೋಡಬೇಕಲ್ಲವೇ?

ಮಕ್ಕಳಿಲ್ಲದ ಹೆಂಗಸಿಗೆ ನಮ್ಮಲ್ಲಿ ‘ಬಂಜೆ’ ಎಂಬ ಮಾತಿದೆ. ಅದಕ್ಕೆ ಜೋಡಿಯಾಗುವ ಮಾತು ಗಂಡಸಿಗೆ ಆಡುನುಡಿಯಲ್ಲಿಲ್ಲ. ‘ಷಂಡ’ ಎನ್ನುವುದು ಬೇರೆ, ಅದು ಕೂಡುವ ಶಕ್ತಿಯಿಲ್ಲದವನಿಗೆ ಹಾಕುವ ಬೈಗುಳ. ಗಟ್ಟಿಮುಟ್ಟಾಗಿ ಸಂಸಾರ ಮಾಡುತ್ತಿರುವವನ ವೀರ್ಯದಲ್ಲಿಯೂ ಕೊರತೆ ಇರಬಹುದು ಎಂಬುದಕ್ಕೆ ನಮ್ಮ ಹಿರಿಯರು ಹೆಸರೇ ಇಡಲಿಲ್ಲ. ಹೆಸರಿಲ್ಲದ ದೋಷವನ್ನು ಹುಡುಕುವವರು ಯಾರು?

ಬ್ಯಾಡಗಿಯ ಸುತ್ತಿನ ಹಳ್ಳಿಗಳಲ್ಲಿ ಮದುವೆಯಾಗಿ ನಾಲ್ಕೈದು ವರ್ಷವಾದರೂ ತೊಟ್ಟಿಲು ಕಟ್ಟದಿದ್ದರೆ ಗಂಡನಿಗೆ ಇನ್ನೊಂದು ಲಗ್ನ ಮಾಡುತ್ತಿದ್ದರು. 1955ರ ಹಿಂದೂ ವಿವಾಹ ಕಾಯ್ದೆ ಅದನ್ನು ನಿಷೇಧಿಸಿದ ಮೇಲೂ ಪದ್ಧತಿ ಥಟ್ಟನೆ ನಿಲ್ಲಲಿಲ್ಲ. ನಮ್ಮ ಓಣಿಯಲ್ಲಿ ಅಕ್ಕನಿಗೆ ಮಕ್ಕಳಾಗಲಿಲ್ಲವೆಂದು ತಂಗಿಯನ್ನೂ ಅದೇ ಮನೆಗೆ ಕೊಟ್ಟಿದ್ದರು. ಅವಳಿಗೂ ಆಗಲಿಲ್ಲ. ಕುಬಸಕ್ಕೆ ಇಬ್ಬರನ್ನೂ ಕರೆಯುತ್ತಿರಲಿಲ್ಲ, ಕೂಸಿನ ಹೆಸರಿಡುವಾಗ ಇಬ್ಬರೂ ಹಿತ್ತಲಲ್ಲಿ ಉಳಿಯುತ್ತಿದ್ದರು. ಓದು ಬರಹ ಬಾರದ ಒಬ್ಬ ಅಜ್ಜಿ ಮಾತ್ರ ಒಮ್ಮೆ ನನ್ನ ಮುಂದೆ ಅಂದಿದ್ದಳು: “ನೋಡ್ರಿ ಅಕ್ಕೋರ, ಎರಡೂ ಹೊಲಾ ಬೆಳೀಲಿಲ್ಲ ಅಂದ ಮ್ಯಾಲ ಬೀಜಾ ನೋಡಬೇಕಿತ್ತಿಲ್ರಿ?”

ಹೊಲದ ವಿಷಯದಲ್ಲಿ ನಮ್ಮ ಜನ ಎಂದೂ ಮೋಸಹೋಗುವವರಲ್ಲ. ಬಿತ್ತುವ ಮೊದಲು ಹಿಡಿ ಕಾಳನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟು ಎಷ್ಟು ಮೊಳೆತವು ಎಂದು ಎಣಿಸುತ್ತಾರೆ. ರಾಣೆಬೆನ್ನೂರಿನಲ್ಲಿ ಬೀಜೋತ್ಪಾದನೆ ದೊಡ್ಡ ಉದ್ಯೋಗವೇ ಆಗಿದೆ. 1966ರ ಬೀಜ ಕಾಯ್ದೆಯ ಮೇಲೆ ಚೀಟಿಯಲ್ಲಿ ಮೊಳಕೆಯ ಪ್ರಮಾಣ ನಮೂದಿಸುವ ನಿಯಮ ಬಂತು. ಮೆಣಸಿನ ಬೀಜಕ್ಕೆ ಸಿಕ್ಕ ಈ ಪರೀಕ್ಷೆ ಮನೆಯ ಮಗನಿಗೆ ಬೇಡವಾಯಿತು.

ವಿಜ್ಞಾನದ ಇತಿಹಾಸ ನೋಡಿದರೆ ಇದು ಇನ್ನೂ ವಿಚಿತ್ರ. ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲ್ಯೂವೆನ್‌ಹುಕ್ ತಾನೇ ಮಾಡಿಕೊಂಡ ಸೂಕ್ಷ್ಮದರ್ಶಕದಲ್ಲಿ ವೀರ್ಯಾಣುಗಳನ್ನು ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದದ್ದು 1677ರಲ್ಲಿ. ವಿದ್ವಾಂಸರಿಗೆ ಅಸಹ್ಯವೆನಿಸಿದರೆ ಇದನ್ನು ಪ್ರಕಟಿಸಬೇಡಿ ಎಂದು ಅವನು ಕೇಳಿಕೊಂಡಿದ್ದ. ಸಂಕೋಚ ಮೊದಲ ದಿನದಿಂದಲೇ ಜೊತೆಗಿತ್ತು! ಸಸ್ತನಿಗಳ ಅಂಡಾಣುವನ್ನು ಫಾನ್ ಬೇರ್ ಎಂಬ ವಿಜ್ಞಾನಿ ಗುರುತಿಸಿದ್ದು 1827ರಲ್ಲಿ. ಗಂಡಿನ ಬೀಜ ಕಣ್ಣಿಗೆ ಬಿದ್ದು 150 ವರ್ಷಗಳಾದ ಮೇಲೆ ಹೆಣ್ಣಿನದು ಕಂಡಿತು. ಆದರೂ ತಪಾಸಣೆಯ ಮಂಚದ ಮೇಲೆ ಮೊದಲು ಮಲಗಿದವಳು ಹೆಣ್ಣು.

ವೀರ್ಯ ತಪಾಸಣೆಗೆ ಸೂಜಿ ಬೇಡ, ಅರಿವಳಿಕೆ ಬೇಡ. ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಇದಕ್ಕೊಂದು ಕೈಪಿಡಿ ತಂದಿತು. ಅದರ ಆರನೆಯ ಆವೃತ್ತಿ 2021ರದು. ಎರಡರಿಂದ ಏಳು ದಿನ ಸಂಯಮವಿದ್ದು ಕೊಟ್ಟ ಮಾದರಿಯಲ್ಲಿ ವೀರ್ಯಾಣುಗಳ ಸಂಖ್ಯೆ, ಚಲನೆ, ಆಕಾರ ನೋಡುತ್ತಾರೆ. ಮಿಲಿಲೀಟರಿಗೆ 1.6 ಕೋಟಿ ಎಂಬುದು ಕೈಪಿಡಿಯ ಕೆಳಗಿನ ಅಂಕೆ. ಅದಕ್ಕಿಂತ ಕಡಿಮೆಯಾದ ಮಾತ್ರಕ್ಕೆ ತಂದೆಯಾಗುವುದೇ ಇಲ್ಲವೆಂದಲ್ಲ. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ನಡುವೆ ಜೋರು ಜ್ವರ ಬಂದಿದ್ದರೂ ಎಣಿಕೆ ಇಳಿದೀತು, ಆದ್ದರಿಂದ ಮತ್ತೊಮ್ಮೆ ನೋಡಬೇಕಾಗುತ್ತದೆ. ಮಕ್ಕಳಾಗದ ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಗಂಡಸಿನ ಕಡೆಯ ಕಾರಣವೂ ಸೇರಿರುತ್ತದೆ.

ಹಾಗಿದ್ದರೂ ನಮ್ಮ ಹೆಂಗಸರು ಹರಕೆ, ಉಪವಾಸ ಮುಗಿಸಿ, ಸ್ಕ್ಯಾನಿಂಗ್, ಡಿ ಆಂಡ್ ಸಿ, ಲ್ಯಾಪರೊಸ್ಕೊಪಿ ಎಂದು ಹುಬ್ಬಳ್ಳಿ, ದಾವಣಗೆರೆಯ ದಾರಿ ಹಿಡಿದದ್ದನ್ನು ನಾನು ಕಂಡಿದ್ದೇನೆ. ಗಂಡ ಹೊರಗೆ ಬೆಂಚಿನ ಮೇಲೆ ಪೇಪರ್ ಓದುತ್ತ ಕೂತಿರುತ್ತಿದ್ದ. ಅವನನ್ನು ಪೂರಾ ದೂರುವಂತೆಯೂ ಇಲ್ಲ. ಸಣ್ಣ ಊರಿನ ಲ್ಯಾಬಿನಲ್ಲಿ ಎಲ್ಲರದೂ ಪರಿಚಯದ ಮುಖ. ಡಬ್ಬಿ ಕೈಗಿಟ್ಟು ಚಿಲಕವಿಲ್ಲದ ಬಚ್ಚಲು ತೋರಿಸಿದರೆ ಯಾರು ತಾನೇ ಒಪ್ಪಿಯಾರು? ಮನೆಯಿಂದ ತರಬೇಕೆಂದರೆ ಒಂದು ತಾಸಿನೊಳಗೆ ಮುಟ್ಟಿಸಬೇಕು. ಹಳ್ಳಿಯವನಿಗೆ ಬಸ್ಸೇ ಸಿಕ್ಕುವುದಿಲ್ಲ.

2017ರಲ್ಲಿ ಬೋಸ್ಟನ್ನಿನ ಸಂಶೋಧಕರು ಮೊಬೈಲ್ ಫೋನಿಗೆ ಜೋಡಿಸುವ ಒಂದು ಸಾಧನ ಮಾಡಿ ತೋರಿಸಿದರು. ಅದರ ಸಾಮಗ್ರಿಗೆ ತಗುಲಿದ್ದು ಐದು ಡಾಲರಿಗಿಂತ ಕಡಿಮೆ. ಮನೆಯಲ್ಲೇ ಸಂಖ್ಯೆ, ಚಲನೆ ನೋಡಬಹುದು. ಒಳ್ಳೆಯದೇ, ಆದರೆ ಪೂರ್ತಿ ತಪಾಸಣೆಗೆ ಲ್ಯಾಬು, ವೈದ್ಯರು ಬೇಕೇ ಬೇಕು. ಅಲ್ಲಿಯವರೆಗೆ ನಮ್ಮ ತಾಲ್ಲೂಕು ಊರುಗಳಿಗೆ ಬೇಕಾದದ್ದು ಬಲು ಸಣ್ಣದು: ಚಿಲಕವಿರುವ ಒಂದು ಕೋಣೆ, ಡಬ್ಬಿಯ ಮೇಲೆ ಹೆಸರಿನ ಬದಲು ನಂಬರು, ಬಾಯಿ ಬಿಡದ ಸಿಬ್ಬಂದಿ.

ಇನ್ನೊಂದು ಕೆಲಸ ನಮ್ಮದೇ, ಗಂಡುಮಕ್ಕಳ ತಾಯಂದಿರದು. ಮದುವೆಯಾಗಿ ವರ್ಷವಾದರೂ ಬಸಿರು ನಿಲ್ಲದಿದ್ದರೆ ಸೊಸೆಯನ್ನು ಒಬ್ಬಳೇ ಕಳಿಸಬೇಡಿ. ಅವಳ ಮೈಗೆ ಕತ್ತರಿ ತಾಕುವ ಮೊದಲು ಅಡುಗೆಮನೆಯಲ್ಲಿ ಮಗನನ್ನು ಕೂರಿಸಿ, ಊಟಕ್ಕೆ ಬಡಿಸುತ್ತ, “ತಮ್ಮಾ, ನೀನೂ ಹೋಗಿ ತೋರಿಸ್ಕೊಂಡು ಬಾ” ಎಂದು ಹೇಳಿ. ಹೆಂಡತಿ ಹೇಳಿದರೆ ಜಗಳವಾದೀತು, ತಾಯಿ ಹೇಳಿದರೆ ಹೋಗುತ್ತಾನೆ.