ಗುಂಡಿನ ಸದ್ದಿಗೆ ಕಿವಿಗೊಟ್ಟ ಕಂಬಗಳು

ಮಿಂಚು ಕಂಡ ಮೇಲೆ ಗುಡುಗು ಕೇಳುವ ತನಕ ಒಂದು, ಎರಡು, ಮೂರು ಎಂದು ಎಣಿಸುವುದು ಹೊಲದಲ್ಲಿ ದುಡಿಯುವವರಿಗೆ ಹೊಸದಲ್ಲ. ಮೂರು ಸೆಕೆಂಡ್ ಆದರೆ ಸಿಡಿಲು ಹೆಚ್ಚುಕಡಿಮೆ ಒಂದು ಕಿಲೋಮೀಟರ್ ದೂರ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಒಂದೇ ಸದ್ದನ್ನು ಬೇರೆ ಬೇರೆ ಕಡೆ ಇಟ್ಟ ಮೈಕುಗಳು ಬೇರೆ ಬೇರೆ ಕ್ಷಣದಲ್ಲಿ ಕೇಳಿಸಿಕೊಳ್ಳುತ್ತವೆ. ಆ ಕ್ಷಣಗಳ ವ್ಯತ್ಯಾಸ ಗೊತ್ತಾದರೆ ಸದ್ದು ಎಲ್ಲಿ ಹುಟ್ಟಿತು ಎಂದು ಲೆಕ್ಕ ಹಾಕಬಹುದು.

ಅಮೆರಿಕದ ಹಲವು ನಗರಗಳ ಪೊಲೀಸರು ಬಂದೂಕಿನ ಸದ್ದು ಪತ್ತೆ ಮಾಡಲು ಬೀದಿಗಳಲ್ಲಿ ಮೈಕುಗಳನ್ನು ಕೂರಿಸಿದ್ದು ಈ ಲೆಕ್ಕವನ್ನೇ ನಂಬಿ. ಆದರೆ ಲೆಕ್ಕ ಪೊಲೀಸರದ್ದಲ್ಲ, ಯುದ್ಧಭೂಮಿಯದ್ದು.

ಮೊದಲ ಮಹಾಯುದ್ಧದಲ್ಲಿ ಎಲ್ಲೋ ಮರೆಯಲ್ಲಿ ಕೂತ ಜರ್ಮನ್ ಫಿರಂಗಿಗಳು ಬ್ರಿಟಿಷ್ ಸೈನಿಕರನ್ನು ಕೊಲ್ಲುತ್ತಿದ್ದವು. ಫಿರಂಗಿ ಕಣ್ಣಿಗೆ ಬೀಳುತ್ತಿರಲಿಲ್ಲ, ಸದ್ದು ಮಾತ್ರ ಕೇಳುತ್ತಿತ್ತು. 1915ರಲ್ಲಿ ಈ ಕೆಲಸಕ್ಕೆ ನೇಮಕವಾದವನು ಲಾರೆನ್ಸ್ ಬ್ರಾಗ್. ವಯಸ್ಸು 25, ಅದೇ ವರ್ಷ ತಂದೆಯ ಜೊತೆ ಭೌತಶಾಸ್ತ್ರದ ನೊಬೆಲ್ ಪಡೆದವನು. ತಮ್ಮ ಅದೇ ವರ್ಷ ಗಲಿಪೊಲಿ ಯುದ್ಧದಲ್ಲಿ ಸತ್ತಿದ್ದ.

ಬ್ರಾಗ್‌ಗೆ ಎದುರಾದ ತೊಡಕು ಇದು. ಶಬ್ದಕ್ಕಿಂತ ವೇಗವಾಗಿ ಹಾರುವ ಗುಂಡು ಗಾಳಿ ಸೀಳುವಾಗ ಚಟ್ ಎನ್ನುತ್ತದೆ. ಫಿರಂಗಿಯ ಬಾಯಿಂದ ಬರುವುದು ಮಂದವಾದ ಧಮ್. ಆಗಿನ ಮೈಕುಗಳಿಗೆ ಚಟ್ ಚೆನ್ನಾಗಿ ಕೇಳುತ್ತಿತ್ತು, ಬೇಕಾಗಿದ್ದ ಧಮ್ ಸರಿಯಾಗಿ ಕೇಳುತ್ತಿರಲಿಲ್ಲ. ದಾರಿ ಹೊಳೆದದ್ದು, ನಗಬೇಡಿ, ಕಕ್ಕಸಿನಲ್ಲಿ. ಬಾಗಿಲು ಹಾಕಿಕೊಂಡು ಕೂತಾಗ ಫಿರಂಗಿ ಹಾರಿದರೆ ಕೊಳವೆಯಿಂದ ನುಗ್ಗಿದ ಗಾಳಿ ಬ್ರಾಗ್‌ನನ್ನು ಕೂತಲ್ಲೇ ತುಸು ಮೇಲೆತ್ತುತ್ತಿತ್ತು. ಕಿವಿಗೆ ಕೇಳದ ಒತ್ತಡದಲ್ಲೂ ಬಲವಿದೆ ಎಂದು ಅವನಿಗೆ ಗೊತ್ತಾಯಿತು. ಅವನ ತಂಡದ ವಿಲಿಯಂ ಟಕರ್ 1916ರಲ್ಲಿ, ಕಾಯಿಸಿದ ಸಣ್ಣ ಪ್ಲಾಟಿನಂ ತಂತಿಯನ್ನು ಪೆಟ್ಟಿಗೆಯ ತೂತಿಗೆ ಕಟ್ಟಿ ಹೊಸ ಮೈಕು ಮಾಡಿದ. ಧಮ್ ಎಂದಾಗ ಗಾಳಿ ನುಗ್ಗಿ ತಂತಿ ತಣ್ಣಗಾಗುತ್ತಿತ್ತು, ಆ ಕ್ಷಣ ಫಿಲ್ಮಿನ ಮೇಲೆ ಗೆರೆಯಾಗಿ ಬೀಳುತ್ತಿತ್ತು.

ಇಲ್ಲೊಂದು ಸಣ್ಣ ವಿಷಯವನ್ನು ನಾವು ಗಮನಿಸಬೇಕು. ಫಿಲ್ಮು ದಿನವಿಡೀ ಓಡುವಂತಿರಲಿಲ್ಲ. ಮುಂದಿನ ಸಾಲಿನಲ್ಲಿ ಕೂತ ಸೈನಿಕನೊಬ್ಬ ತನ್ನ ಕಿವಿಯಿಂದ ಫಿರಂಗಿ ಸದ್ದು ಕೇಳಿ ಗುಂಡಿ ಒತ್ತಿದ ಮೇಲೇ ಯಂತ್ರ ಶುರುವಾಗುತ್ತಿತ್ತು. ಆ ಕಡೆಯಿಂದ ಸದ್ದು ಮಾಡಿದವನು ಶತ್ರು ಎಂಬುದರಲ್ಲೂ ಅನುಮಾನವಿರಲಿಲ್ಲ.

ಊರಿನ ಬೀದಿಯಲ್ಲಿ ಹಾಗಲ್ಲ. 1992ರಲ್ಲಿ ಕ್ಯಾಲಿಫೋರ್ನಿಯಾದ ಈಸ್ಟ್ ಪಾಲೊ ಆಲ್ಟೊದಲ್ಲಿ ಮಾದಕವಸ್ತು ವ್ಯಾಪಾರದ ಜಗಳಗಳಿಂದಾಗಿ 42 ಕೊಲೆಗಳಾದವು. ಅಂಥ ಪುಟ್ಟ ಪಟ್ಟಣಕ್ಕೆ ಅದು ಭಯಂಕರ ಸಂಖ್ಯೆ. ಪಕ್ಕದ ಮೆನ್ಲೊ ಪಾರ್ಕ್ ಪೊಲೀಸರಿಗೆ ಗುಂಡಿನ ಸದ್ದು ಕೇಳಿತು ಎಂದು ಫೋನ್ ಬರುತ್ತಿದ್ದವು. ಒಬ್ಬರು ಪೂರ್ವ ಎಂದರೆ ಇನ್ನೊಬ್ಬರು ಪಶ್ಚಿಮ ಎನ್ನುತ್ತಿದ್ದರು. ಅದೇ ಊರಿನಲ್ಲಿದ್ದ ಭೂಕಂಪ ವಿಜ್ಞಾನಿ ಜಾನ್ ಲಾರ್, ಭೂಕಂಪದ ಕೇಂದ್ರ ಹುಡುಕುವ ಲೆಕ್ಕದಿಂದಲೇ ಗುಂಡಿನ ಜಾಗವನ್ನೂ ಹುಡುಕಬಹುದು ಎಂದು ಪೊಲೀಸರಿಗೆ ಹೇಳಿದರು. ತಮ್ಮ ಮನೆಯನ್ನೇ ಕೇಂದ್ರ ಮಾಡಿಕೊಂಡು ಐದು ಮೈಕು ಹಾಕಿದರು. ಸದ್ದಾದಾಗ ಹೆಂಡತಿ ಕಂಪ್ಯೂಟರಿನಲ್ಲಿ ಜಾಗ ಹುಡುಕುತ್ತಿದ್ದರು. ಗಂಡ ಪೊಲೀಸ್ ರೇಡಿಯೊ ಕೇಳುತ್ತ, ಅಲ್ಲಿ ನಿಜಕ್ಕೂ ಗುಂಡು ಹಾರಿತೇ ಎಂದು ತಾಳೆ ನೋಡುತ್ತಿದ್ದರು. ಈ ಇಡೀ ಚರಿತ್ರೆಯಲ್ಲಿ ನಮಗೆ ಅತ್ಯಂತ ಹಿಡಿಸಿದ ದೃಶ್ಯ ಇದೇ. ಯಂತ್ರ ಹೇಳಿದ್ದನ್ನು ಅಲ್ಲಿ ಬೇರೆ ದಾರಿಯಿಂದ ಪರೀಕ್ಷಿಸುತ್ತಿದ್ದರು.

ಪೊಲೀಸರು ಕರೆದ ಸಭೆಗೆ ಬಂದಿದ್ದ ಇನ್ನೊಬ್ಬ ವಿಜ್ಞಾನಿ ರಾಬರ್ಟ್ ಶೋವೆನ್. ಇವರಿಂದ ಶಾಟ್‌ಸ್ಪಾಟರ್ ಎಂಬ ಕಂಪನಿ ಹುಟ್ಟಿತು. 1996ರಲ್ಲಿ ಹತ್ತಿರದ ರೆಡ್‌ವುಡ್ ಸಿಟಿ ಪೊಲೀಸರು ಅವರ ಯಂತ್ರವನ್ನು ಪ್ರಯೋಗಕ್ಕೆ ತೆಗೆದುಕೊಂಡರು. ಅಲ್ಲಿ ಹೊಸ ವರ್ಷದಂಥ ದಿನಗಳಲ್ಲಿ ಸಂಭ್ರಮಕ್ಕೆ ಆಕಾಶಕ್ಕೆ ಗುಂಡು ಹಾರಿಸುವವರ ಕಾಟವಿತ್ತು. ಸರ್ಕಾರಿ ನೆರವಿನಿಂದ ಸಂಶೋಧಕರು ಪರೀಕ್ಷೆ ಮಾಡಿದರು. ಬೇರೆ ಬೇರೆ ಜಾಗಗಳಲ್ಲಿ ಹುಸಿ ಗುಂಡು ಹಾರಿಸಿ ನೋಡಿದಾಗ ಯಂತ್ರ ಸುಮಾರು 80%ರಷ್ಟನ್ನು ಹಿಡಿಯಿತು. ಜಾಗ ಹೇಳುವಾಗಿನ ಮಧ್ಯಕ ವ್ಯತ್ಯಾಸ 25 ಅಡಿ.

25 ಅಡಿ ಎಂದರೆ ಒಂದು ಮನೆಯ ಅಂಗಳ. ಯಾರಾದರೂ ಮೆಚ್ಚಲೇಬೇಕು. ಆದರೆ ಅದೇ ಹೊತ್ತಿಗೆ ಡಲ್ಲಾಸ್ ನಗರದಲ್ಲಿ ಮತ್ತೊಂದು ಕಂಪನಿಯ ಯಂತ್ರದ ಪ್ರಯೋಗವೂ ನಡೆಯಿತು. ಅಲ್ಲಿ ಯಂತ್ರ ಕರೆದರೂ ಜನ ಕರೆದರೂ ಪೊಲೀಸರು ಬರುವ ಹೊತ್ತು ಹೆಚ್ಚು ಬದಲಾಗಲಿಲ್ಲ. ಎಲ್ಲ ಸದ್ದಿಗೂ ಗಾಡಿ ಕಳಿಸಿದರೆ ಪೊಲೀಸರ ಕೆಲಸ ಏರುತ್ತದೆ ಎಂದೂ ಸಂಶೋಧಕರು ಎಚ್ಚರಿಸಿದರು. ಎರಡೂ ಪ್ರಯೋಗದ ಫಲ 1990ರ ದಶಕದಲ್ಲೇ ಎದುರಿಗಿತ್ತು. ನಗರಗಳಿಗೆ ನೆನಪಿನಲ್ಲಿ ಉಳಿದದ್ದು ಮೊದಲನೆಯದು.

ಷಿಕಾಗೊ 2018ರಲ್ಲಿ 3.3 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. 22 ಪೊಲೀಸ್ ವಲಯಗಳಲ್ಲಿ 12ರಲ್ಲಿ ಮೈಕುಗಳು ಬಂದವು. ಹೆಚ್ಚಾಗಿ ಕಪ್ಪು ಜನರು ಮತ್ತು ಲ್ಯಾಟಿನೋಗಳು ವಾಸಿಸುವ ದಕ್ಷಿಣ ಮತ್ತು ಪಶ್ಚಿಮದ ಬಡಾವಣೆಗಳು ಅವು. 2021ರ ಮಾರ್ಚ್ 29ರ ನಸುಕಿನಲ್ಲಿ ಯಂತ್ರ ಎಚ್ಚರಿಸಿತು, ಪೊಲೀಸರು ಓಡಿದರು. ಅಂದು ಯಂತ್ರ ತಪ್ಪು ಹೇಳಿರಲಿಲ್ಲ, ಗುಂಡು ನಿಜವಾಗಿ ಹಾರಿತ್ತು. ಹಾರಿಸಿದ ಆರೋಪ ಬಂದದ್ದು 21 ವರ್ಷದ ಯುವಕನ ಮೇಲೆ. ಅವನ ಜೊತೆಗಿದ್ದ 13 ವರ್ಷದ ಹುಡುಗ ಓಡಿದ. ಕೈಯಲ್ಲಿದ್ದ ಪಿಸ್ತೂಲನ್ನು ಬಿಟ್ಟು ಕೈಯೆತ್ತಿ ತಿರುಗಿದ ಒಂದು ಸೆಕೆಂಡಿನೊಳಗೆ ಪೊಲೀಸನ ಗುಂಡಿಗೆ ಸತ್ತ.

ಅದೇ ಆಗಸ್ಟಿನಲ್ಲಿ ನಗರದ ಇನ್‌ಸ್ಪೆಕ್ಟರ್ ಜನರಲ್ ಕಚೇರಿ, ಅಂದರೆ ಪಾಲಿಕೆಯ ಸ್ವತಂತ್ರ ತಪಾಸಣಾ ಕಚೇರಿ, ವರದಿ ಕೊಟ್ಟಿತು. 17 ತಿಂಗಳಲ್ಲಿ 50,176 ಎಚ್ಚರಿಕೆಗಳು ಬಂದಿದ್ದವು. ಬಂದೂಕಿನ ಅಪರಾಧಕ್ಕೆ ಸಾಕ್ಷ್ಯ ಸಿಕ್ಕಿದ್ದು ಸುಮಾರು 9%ರಲ್ಲಿ. ಸಾಕ್ಷ್ಯ ಸಿಗಲಿಲ್ಲ ಎಂದರೆ ಗುಂಡೇ ಹಾರಲಿಲ್ಲ ಎಂದಲ್ಲ ಎಂಬುದು ಕಂಪನಿಯ ವಾದ. ಅದರಲ್ಲಿ ಹುರುಳಿದೆ. ಹಾರಿಸಿದವನು ಓಡಿರಬಹುದು, ರಿವಾಲ್ವರ್ ಆದರೆ ಖಾಲಿ ತೋಟಾ ನೆಲಕ್ಕೆ ಬೀಳುವುದೂ ಇಲ್ಲ.

ಆದರೆ ಅದೇ ವರದಿಯ ಇನ್ನೊಂದು ಮಾತಿಗೆ ಈ ವಾದ ಉತ್ತರ ಕೊಡುವುದಿಲ್ಲ. ಈ ಬಡಾವಣೆಯಲ್ಲಿ ಎಚ್ಚರಿಕೆ ಬಹಳ ಬರುತ್ತವೆ ಎಂಬುದನ್ನೇ ಕಾರಣ ಮಾಡಿಕೊಂಡು ಕೆಲವು ಪೊಲೀಸರು ಜನರನ್ನು ತಡೆದು ತಪಾಸಣೆ ಮಾಡಿದ್ದರು. ಮೈಕು ಎಲ್ಲಿದೆಯೋ ಎಚ್ಚರಿಕೆ ಅಲ್ಲಿಂದಲೇ ಬರುತ್ತದೆ. ಮೈಕು ಇಲ್ಲದ ಬೀದಿಯವನು ಆ ಲೆಕ್ಕಕ್ಕೇ ಸಿಗುವುದಿಲ್ಲ.

ಯಂತ್ರ ಬೇಕು ಎಂದವರು ಆ ಬಡಾವಣೆಗಳಲ್ಲೂ ಇದ್ದರು. ಯಾರೂ ಫೋನ್ ಮಾಡದ ರಾತ್ರಿ ಗುಂಡೇಟು ತಿಂದು ಬಿದ್ದವನ ಬಳಿಗೆ ಪೊಲೀಸರನ್ನು ಇದೊಂದೇ ಕರೆತರಬಲ್ಲದು ಎಂಬುದು ಅವರ ಮಾತು. ನಗರಸಭೆಯ ಬಹುಪಾಲು ಸದಸ್ಯರೂ ಉಳಿಸಿಕೊಳ್ಳಿ ಎಂದರು. ಮೇಯರ್ ಬ್ರಾಂಡನ್ ಜಾನ್ಸನ್ ಒಪ್ಪಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಷಿಕಾಗೊ ಈ ಸೇವೆಯನ್ನು ನಿಲ್ಲಿಸಿತು. ಇದರ ಬದಲಿಗೆ ಯಾವ ತಂತ್ರಜ್ಞಾನ ಸಿಗಬಹುದು ಎಂದು ಪಾಲಿಕೆ ಅದೇ ಸುಮಾರಿಗೆ ಕಂಪನಿಗಳಿಂದ ಮಾಹಿತಿ ಕೇಳಿತು.