ಪೆಟ್ಟಿಗೆಯೊಳಗಿನ ಇತಿಹಾಸ

ಇತಿಹಾಸವೆಂದೊಡನೆ ಶಾಸನ, ಕೋಟೆ, ಖಡ್ಗಗಳು ನಮ್ಮ ಕಣ್ಣಮುಂದೆ ಬರುತ್ತವೆ. 1948ರಲ್ಲಿ ಅಕ್ಕಲಕೋಟ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅರಸರ ಆಯುಧಗಳು ಮಾತ್ರ ಅರಮನೆಯ ಶಸ್ತ್ರಾಗಾರದಲ್ಲಿ ಉಳಿದುಕೊಂಡವು. ಪ್ರಜೆಗಳು ಉಟ್ಟ ಬಟ್ಟೆಗೆ ಅಂಥ ಆಶ್ರಯವೆಲ್ಲಿ? ಸೊಲ್ಲಾಪುರದಲ್ಲಿ 1877ರಲ್ಲಿ ಆರಂಭವಾಗಿ, ಮುಂದೆ ‘ಜುನೀ ಮಿಲ್’ ಎಂದು ಹೆಸರಾದ ಗಿರಣಿ ಮುಚ್ಚಿ ಹಲವು ದಶಕಗಳಾದವು. ಅದರ ಹೆಸರು ಪುಸ್ತಕಗಳಲ್ಲಿ ದೊರೆಯುತ್ತದೆ. ಅದು ನೇಯ್ದ ಬಟ್ಟೆ ಸುಲಭವಾಗಿ ದೊರೆಯದು.

ಆದ್ದರಿಂದ ಬಟ್ಟೆಯ ಇತಿಹಾಸಕ್ಕೆ ಮನೆಯ ಪೆಟ್ಟಿಗೆಯೇ ಭಂಡಾರ. ನಮ್ಮ ಕನ್ನಡ ಮನೆಗಳಲ್ಲಿ ಅಜ್ಜಿಯರ ಇಳಕಲ್ ಸೀರೆಗಳುಂಟು. ಒಡಲು ಹತ್ತಿ, ಸೆರಗು ರೇಷ್ಮೆ. ಎರಡರ ಹಾಸನ್ನೂ ಕೊಂಡಿ ಹಾಕಿ ಕೂಡಿಸುವುದು ಅಲ್ಲಿಯ ನೇಕಾರರ ಜಾಣ್ಮೆ. ಒಂದೇ ಸೀರೆಯಲ್ಲಿ ಎರಡು ಸ್ವಭಾವಗಳಿರುವುದರಿಂದ ಅದರ ರಕ್ಷಣೆಗೆ ಎರಡು ಬಗೆಯ ಎಚ್ಚರ ಬೇಕು. ಹತ್ತಿಗೆ ಆಮ್ಲ ವೈರಿ; ಕಟ್ಟಿಗೆಯ ಪೆಟ್ಟಿಗೆಯಿಂದಲೂ ವೃತ್ತಪತ್ರಿಕೆಯ ಕಾಗದದಿಂದಲೂ ಆಮ್ಲವು ಹೊರಟು ನೂಲನ್ನು ಹಳದಿಗೊಳಿಸಿ ಮುರುಕಲು ಮಾಡುತ್ತದೆ. ರೇಷ್ಮೆಗೆ ಬಿಸಿಲೂ ಸೋಡಾದ ಕ್ಷಾರವೂ ವೈರಿಗಳು.

ಉಪಾಯವು ಕಠಿಣವಲ್ಲ. ಗಂಜಿಯ ರುಚಿಗೆ ಹುಳು ಬರುವುದರಿಂದ ಗಂಜಿ ಹಾಕಿದ ಸೀರೆಯನ್ನು ಒಳಗಿಡಬಾರದು. ತೊಳೆದು ಚೆನ್ನಾಗಿ ಒಣಗಿಸಿದ ಬಿಳಿಯ ಹತ್ತಿಬಟ್ಟೆಯಲ್ಲಿ ಸೀರೆಯನ್ನು ಸುತ್ತಬೇಕು. ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಮಡಿಸಿಟ್ಟರೆ ಅಲ್ಲಿಯೇ ಹರಿಯುತ್ತದೆ; ಆದುದರಿಂದ ಆಗಾಗ ಮಡಿಕೆ ಬದಲಿಸಬೇಕು, ಕೊಂಡಿಯ ಜೋಡಣೆಯ ಮೇಲೆ ಮಡಿಕೆ ಬೀಳಬಾರದು. ಡಾಂಬರ ಗುಳಿಗೆಯು ಜರಿಗೆ ತಗಲಕೂಡದು. ಮಳೆಗಾಲ ಕಳೆದ ಮೇಲೆ ನೆರಳಿನಲ್ಲಿ ಗಾಳಿಗೆ ಹರವಿದರೆ ತೇವವೂ ಹೋಗುವುದು, ಹುಳು ಬಿದ್ದಿದ್ದರೆ ಕಣ್ಣಿಗೂ ಬೀಳುವುದು.

ಹುಳುವಿಗಿಂತ ದೊಡ್ಡ ಅಪಾಯ ಇನ್ನೊಂದಿದೆ. ಹಳೆಯ ಜರಿಸೀರೆ ಕೊಳ್ಳುವವರು ಅದನ್ನು ಸುಟ್ಟು ಬೆಳ್ಳಿ ತೆಗೆಯುತ್ತಾರೆ. ಬೂದಿಯಲ್ಲಿ ಬೆಳ್ಳಿ ಸಿಕ್ಕೀತು, ನೇಕಾರನ ಕೈ ಸಿಕ್ಕೀತೆ? ಹರಿದ ಸೀರೆಯನ್ನು ಕೌದಿಯಾಗಿ ಹೊಲಿದ ನಮ್ಮ ಹಿರಿಯ ಹೆಣ್ಣುಮಕ್ಕಳು ಇವರಿಗಿಂತ ಉತ್ತಮ ಇತಿಹಾಸಕಾರರು. ಬಟ್ಟೆಯ ತುಣುಕನ್ನಾದರೂ ಅವರು ಉಳಿಸಿದರು.

ಬಟ್ಟೆಯೊಡನೆ ಮಾತೂ ಅಳಿಯುತ್ತದೆಂಬುದನ್ನು ನಾವು ಮರೆಯಲಾಗದು. ಗೋಮಿ, ಗಾಡಿ, ಪರಾಸಪೇಟಿ ಎಂಬ ದಡಿಗಳ ಹೆಸರು, ತೇರು, ಗೋಪುರ, ತುಳಸಿಕಟ್ಟೆ ಎಂಬ ಕಸೂತಿಯ ಹೆಸರು ಸೀರೆಯನ್ನು ತೋರಿಸಿ ಕಲಿಸತಕ್ಕ ಮಾತುಗಳು. ಮರಾಠಿ ನಾಡಿನಲ್ಲಿದ್ದು ಕನ್ನಡ ಕಲಿಯುವ ನಮ್ಮ ಮಕ್ಕಳಿಗೆ ಇದು ಸಣ್ಣ ನಷ್ಟವಲ್ಲ. ಶಿಕ್ಷಕ ಬಂಧುಗಳು ಪ್ರತಿಯೊಬ್ಬ ವಿದ್ಯಾರ್ಥಿಯಿಂದಲೂ ಒಂದು ಪುಟ ಬರೆಯಿಸಲಿ: ಮನೆಯ ಅತಿ ಹಳೆಯ ಸೀರೆ ಯಾರದು, ಯಾವ ಮದುವೆಯದು, ಎಲ್ಲಿ ಕೊಂಡದ್ದು, ಅದರ ದಡಿಯ ಹೆಸರೇನು? ಕೇಳಿ ತಿಳಿಯಲು ಅಜ್ಜಿ ಇರುವಾಗಲೇ ಆ ಪುಟವನ್ನು ಬರೆದಿಡೋಣ.