ಸಿಸಿಟಿವಿ ಕುರುಡು ವಲಯ

ಸಿಸಿಟಿವಿ ಕುರುಡು ವಲಯ ಎಂದರೆ ಕ್ಯಾಮೆರಾಗಳನ್ನು ಅಳವಡಿಸಿದ ಕಟ್ಟಡದಲ್ಲಿ ಯಾವ ಕ್ಯಾಮೆರಾದ ದೃಷ್ಟಿಗೂ ಬೀಳದ, ಅಥವಾ ಬಿದ್ದರೂ ವ್ಯಕ್ತಿಯನ್ನು ಗುರುತಿಸುವಷ್ಟು ಸ್ಪಷ್ಟವಾಗಿ ದಾಖಲಾಗದ ಜಾಗ. ವಾಣಿಜ್ಯ ಕಟ್ಟಡಗಳಲ್ಲಿ ಮೆಟ್ಟಿಲುಗಳ ತಿರುವು, ನೆಲಮಾಳಿಗೆಯ ವಾಹನ ನಿಲುಗಡೆ, ಸರಕು ಇಳಿಸುವ ಹಿಂಬಾಗಿಲು ಮತ್ತು ತಾರಸಿಯ ಬಾಗಿಲುಗಳಲ್ಲಿ ಇವು ಹೆಚ್ಚಾಗಿ ಕಂಡುಬರುತ್ತವೆ. ಪ್ರಸ್ತುತ ಲೇಖನವು ಮುಖ್ಯವಾಗಿ ದಕ್ಷಿಣ ಬೆಂಗಳೂರಿನ ಕಟ್ಟಡಗಳನ್ನು ಗಮನದಲ್ಲಿರಿಸಿಕೊಂಡಿದೆ.

ಹಿನ್ನೆಲೆ

2025ರ ನವೆಂಬರ್ 19ರಂದು ಎಟಿಎಂಗಳಿಗೆ ಹಣ ಒಯ್ಯುತ್ತಿದ್ದ ವಾಹನವನ್ನು ಜಯನಗರದ ಅಶೋಕ ಸ್ತಂಭದ ಬಳಿ ರಿಸರ್ವ್ ಬ್ಯಾಂಕ್ ಅಧಿಕಾರಿಗಳ ಸೋಗಿನಲ್ಲಿ ತಡೆದು, ಡೈರಿ ವೃತ್ತದ ಮೇಲ್ಸೇತುವೆಯ ಬಳಿ 7.11 ಕೋಟಿ ರೂಪಾಯಿ ದೋಚಲಾಯಿತು. ಆರೋಪಿಗಳು ಕ್ಯಾಮೆರಾ ಇಲ್ಲದ ಸ್ಥಳಗಳನ್ನು ಮೊದಲೇ ನೋಡಿಟ್ಟುಕೊಂಡಿದ್ದರೆಂದು ಪೊಲೀಸರು ತಿಳಿಸಿದರು. ಅದೇ ವರ್ಷದ ಏಪ್ರಿಲ್‌ನಲ್ಲಿ ಬಿಟಿಎಂ ಬಡಾವಣೆಯ ಸುದ್ದಗುಂಟೆಪಾಳ್ಯದ ಓಣಿಯೊಂದರಲ್ಲಿ ಯುವತಿಯ ಮೇಲೆ ನಡೆದ ದೌರ್ಜನ್ಯವು ಸಿಸಿಟಿವಿಯಲ್ಲಿ ದಾಖಲಾಗಿತ್ತು. ಆ ದೃಶ್ಯ ತನಿಖೆಗೆ ಆಧಾರವಾಗಿ, ಆರೋಪಿಯನ್ನು ಕೇರಳದಲ್ಲಿ ಬಂಧಿಸಲಾಯಿತು. ಎರಡೂ ರಸ್ತೆಯಲ್ಲಿ ನಡೆದ ಘಟನೆಗಳಾದರೂ, ಕ್ಯಾಮೆರಾ ಇರುವ ಕಡೆಗೂ ಇಲ್ಲದ ಕಡೆಗೂ ಇರುವ ವ್ಯತ್ಯಾಸ ಕಟ್ಟಡದೊಳಗೂ ಬದಲಾಗುವುದಿಲ್ಲ.

ಕಾರಣಗಳು

ಜಯನಗರ, ಜೆ.ಪಿ. ನಗರ ಮತ್ತು ಬನಶಂಕರಿಯ ಅನೇಕ ವಾಣಿಜ್ಯ ಕಟ್ಟಡಗಳು ಮೂಲತಃ ವಾಸದ ಮನೆಗಳು. ಕೆಳಗೆ ಅಂಗಡಿ, ಮೇಲೆ ಚಿಕಿತ್ಸಾಲಯ, ಅದರ ಮೇಲೆ ಟ್ಯೂಷನ್ ತರಗತಿ ಎಂಬಂತೆ ಒಂದೊಂದು ಅಂತಸ್ತು ಒಬ್ಬೊಬ್ಬರ ಬಾಡಿಗೆಯಲ್ಲಿರುತ್ತದೆ. ಪ್ರತಿಯೊಬ್ಬರೂ ತಮ್ಮ ಬಾಗಿಲಿಗೆ ಮತ್ತು ಹಣದ ಪೆಟ್ಟಿಗೆಗೆ ಕ್ಯಾಮೆರಾ ಹಾಕಿಸುತ್ತಾರೆ. ಎಲ್ಲರೂ ಬಳಸುವ ಮೆಟ್ಟಿಲು, ಮೀಟರ್ ಪೆಟ್ಟಿಗೆಯ ಮೂಲೆ ಮತ್ತು ಹಿಂದಿನ ಓಣಿ ಯಾರ ಹೊಣೆಯೂ ಅಲ್ಲದೆ ಉಳಿಯುತ್ತವೆ. ಉಪಕರಣದ ದೋಷಕ್ಕಿಂತ ಈ ಹಂಚಿಹೋದ ಹೊಣೆಯೇ ಇಲ್ಲಿನ ದೊಡ್ಡ ಕಾರಣವೆನ್ನಬಹುದು.

ಅಳವಡಿಸಿದ ದಿನ ಸರಿಯಾಗಿದ್ದ ನೋಟವು ಕ್ರಮೇಣ ಮುಚ್ಚಿಹೋಗುವುದೂ ಉಂಟು. ಮಳೆಗಾಲದಲ್ಲಿ ಚಿಗುರುವ ಸಾಲುಮರದ ಕೊಂಬೆ, ಹೊಸ ನಾಮಫಲಕ, ಹಬ್ಬದ ಬ್ಯಾನರ್, ದೀಪದ ಸರ, ಲೆನ್ಸಿನ ಮೇಲಿನ ಜೇಡರ ಬಲೆ ಇವೆಲ್ಲ ಅಡ್ಡಿಯಾಗುತ್ತವೆ. ಪಶ್ಚಿಮಕ್ಕೆ ಮುಖ ಮಾಡಿದ ಗಾಜಿನ ಬಾಗಿಲಿನಲ್ಲಿ ಸಂಜೆ ಒಳಬರುವವರ ಮುಖ ಕಪ್ಪು ನೆರಳಾಗಿ ಮಾತ್ರ ದಾಖಲಾಗುತ್ತದೆ.

ಪತ್ತೆ ಹಚ್ಚುವ ವಿಧಾನ

ಕಟ್ಟಡದ ನಕ್ಷೆಯ ಮೇಲೆ ಪ್ರತಿ ಕ್ಯಾಮೆರಾದ ದೃಷ್ಟಿಕೋನವನ್ನು ಗುರುತಿಸುವುದು ಮೊದಲ ಹೆಜ್ಜೆ. ನಕ್ಷೆಯೊಂದನ್ನೇ ನಂಬಲಾಗದು. ಒಬ್ಬರು ಪರದೆಯ ಮುಂದೆ ಕುಳಿತು, ಇನ್ನೊಬ್ಬರು ಗೇಟಿನಿಂದ ತಾರಸಿಯವರೆಗೆ ಪ್ರತಿಯೊಂದು ದಾರಿಯಲ್ಲೂ ನಡೆದು, ಎಲ್ಲಿ ಕಣ್ಮರೆಯಾದರೆಂಬುದನ್ನು ಬರೆದುಕೊಳ್ಳಬೇಕು. ದೀಪ ಆರಿಸಿದ ಮೇಲೆ ರಾತ್ರಿಯೂ ಇದನ್ನು ಪುನರಾವರ್ತಿಸದಿದ್ದರೆ ಪರೀಕ್ಷೆ ಅಪೂರ್ಣ.

ಕ್ಯಾಮೆರಾದ ನೇರ ಕೆಳಭಾಗವೂ ಕುರುಡು ವಲಯವೇ. 3 ಮೀಟರ್ ಎತ್ತರದಲ್ಲಿರುವ ಕ್ಯಾಮೆರಾದ ನೋಟದ ಕೆಳ ಅಂಚು 45 ಡಿಗ್ರಿ ಬಾಗಿದ್ದರೆ, ಗೋಡೆಯ ಬುಡದಿಂದ 3 ಮೀಟರ್‌ವರೆಗಿನ ನೆಲ ಕಾಣುವುದಿಲ್ಲ.

ಕಾಣುವುದು ಬೇರೆ, ಗುರುತು ಸಿಗುವುದು ಬೇರೆ. ಐಇಸಿ 62676-4 ಮಾನದಂಡದ 2014ರ ಆವೃತ್ತಿಯ ಪ್ರಕಾರ ಅಪರಿಚಿತ ವ್ಯಕ್ತಿಯನ್ನು ಗುರುತಿಸಲು ಪ್ರತಿ ಮೀಟರ್ ಅಗಲಕ್ಕೆ 250 ಪಿಕ್ಸೆಲ್, ಪರಿಚಿತರನ್ನು ಗುರುತಿಸಲು 125, ಯಾರೋ ಇದ್ದಾರೆಂದು ತಿಳಿಯಲು 25 ಪಿಕ್ಸೆಲ್ ಬೇಕು. 1920 ಪಿಕ್ಸೆಲ್ ಅಗಲದ ಚಿತ್ರ ಕೊಡುವ ಕ್ಯಾಮೆರಾ 250ರ ಮಟ್ಟವನ್ನು ಸುಮಾರು 7.7 ಮೀಟರ್ ಅಗಲದವರೆಗೆ ಮಾತ್ರ ಉಳಿಸಿಕೊಳ್ಳುತ್ತದೆ. 90 ಡಿಗ್ರಿ ನೋಡುವ ಲೆನ್ಸಿಗೆ ಇದು 4 ಮೀಟರಿಗೂ ಕಡಿಮೆ ದೂರ.

ಸರಿಪಡಿಸುವಿಕೆ

ಕ್ಯಾಮೆರಾಗಳ ಸಂಖ್ಯೆ ಹೆಚ್ಚಿಸುವ ಮುನ್ನ ಇರುವುದನ್ನು ಸ್ಥಳಾಂತರಿಸುವುದು ಅಗ್ಗದ ಉಪಾಯ. ಎದುರುಬದುರಾಗಿ ಇರಿಸಿದ ಎರಡು ಕ್ಯಾಮೆರಾಗಳು ಒಂದರ ಬುಡವನ್ನು ಇನ್ನೊಂದು ನೋಡುತ್ತವೆ. ಉದ್ದನೆಯ ಕಿರು ಹಜಾರದಲ್ಲಿ ಚಿತ್ರವನ್ನು ಲಂಬವಾಗಿ ತಿರುಗಿಸಿದರೆ ಗೋಡೆಗಳ ಮೇಲೆ ವ್ಯರ್ಥವಾಗುವ ಪಿಕ್ಸೆಲ್‌ಗಳು ಉಳಿಯುತ್ತವೆ. ಬಾಗಿಲಿನ ಬೆಳಕಿನ ಸಮಸ್ಯೆಗೆ ಡಬ್ಲ್ಯುಡಿಆರ್ ಸೌಲಭ್ಯವುಳ್ಳ ಕ್ಯಾಮೆರಾ ಸೂಕ್ತ.

ಕಾಲದ ಕುರುಡು ವಲಯವನ್ನು ಬಹುತೇಕರು ಗಮನಿಸುವುದಿಲ್ಲ. ತಲಾ 2 ಎಂಬಿಪಿಎಸ್ ವೇಗದಲ್ಲಿ ನಿರಂತರವಾಗಿ ದಾಖಲಿಸುವ 8 ಕ್ಯಾಮೆರಾಗಳು ದಿನಕ್ಕೆ ಸುಮಾರು 173 ಜಿಬಿ ಬಳಸುತ್ತವೆ. 1 ಟಿಬಿ ಡಿಸ್ಕ್ 6 ದಿನಕ್ಕೂ ಸಾಲದು, 30 ದಿನಕ್ಕೆ 5 ಟಿಬಿಗಿಂತ ಹೆಚ್ಚು ಬೇಕು. ವಿದ್ಯುತ್ ಕಡಿತದ ವೇಳೆ ಡಿವಿಆರ್ ಹಾಗೂ ಕ್ಯಾಮೆರಾ ಎರಡಕ್ಕೂ ಯುಪಿಎಸ್ ಸಂಪರ್ಕವಿರಬೇಕು. ಡಿವಿಆರ್ ಗಡಿಯಾರ ತಪ್ಪಾಗಿದ್ದರೆ ಒಳ್ಳೆಯ ದೃಶ್ಯವೂ ತನಿಖೆಯಲ್ಲಿ ಗೊಂದಲ ತರುತ್ತದೆ.

ಕಾನೂನು

ಕರ್ನಾಟಕ ಸಾರ್ವಜನಿಕ ಸುರಕ್ಷತಾ (ಕ್ರಮಗಳ) ಜಾರಿ ಅಧಿನಿಯಮ, 2017ರ ಅನ್ವಯ ಏಕಕಾಲಕ್ಕೆ 100 ಅಥವಾ ದಿನಕ್ಕೆ 500 ಜನ ಸೇರುವ ಸಂಸ್ಥೆಗಳು ಕ್ಯಾಮೆರಾ ಅಳವಡಿಸಿ, ದೃಶ್ಯಗಳನ್ನು 30 ದಿನ ಕಾಯ್ದಿರಿಸಬೇಕು. ಇವುಗಳನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಒಪ್ಪಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಶೌಚಾಲಯ ಮತ್ತು ಉಡುಪು ಬದಲಿಸುವ ಕೋಣೆಗಳ ಒಳಭಾಗವನ್ನು ಯಾವ ಕಾರಣಕ್ಕೂ ಚಿತ್ರೀಕರಿಸುವಂತಿಲ್ಲ. ಅವುಗಳ ಹೊರಬಾಗಿಲಿನ ಹಜಾರವನ್ನು ಮಾತ್ರ ನೋಟದೊಳಗೆ ತರಲಾಗುತ್ತದೆ.